ನಿಂತ ಗಾಡಿಯ ಮೇಲೊಂದು ದೂರು

ಜೂನ್ 3, ಸೋಮವಾರ

ಕೊನೆಗೂ ಗೆದ್ದೆವು! ಇವತ್ತಿನಿಂದ ಹೊಸ ಕಾಯ್ದೆ ಜಾರಿ. ಗೂಡ್ಸ್ ಗಾಡಿ ನಮ್ಮ ಊರಿನ ರೈಲ್ವೆ ಗೇಟಿಗೆ ಅಡ್ಡವಾಗಿ ಕಾಲು ಗಂಟೆಗಿಂತ ಹೆಚ್ಚು ಹೊತ್ತು ಅಲ್ಲಾಡದೆ ನಿಂತರೆ ರೈಲು ಕಂಪನಿಗೆ ದಂಡ. ಮೊದಲಿನ ಹಾಗೆ ಕಣ್ಣೊರೆಸುವ ದಂಡವಲ್ಲ, ಚೆನ್ನಾಗಿ ಬಿಸಿ ಮುಟ್ಟುವ ದಂಡ. ಅದರ ಜೊತೆಗೆ, ಸಿಗ್ನಲ್ ಸಿಕ್ಕ ಮೇಲೂ ಗಾಡಿ ಕದಲಿಸದ ಚಾಲಕನನ್ನು ಲೈನಿನಿಂದ ಇಳಿಸಿ ಶೆಡ್ಡಿನ ಕೆಲಸಕ್ಕೆ ಹಾಕುತ್ತಾರೆ. ಈ ಎರಡನೆಯದು ನನ್ನ ಸಲಹೆ. "ಕಂಪನಿಗೆ ಮಾತ್ರ ದಂಡ ಹಾಕಿದ್ರೆ ಅವರು ಕಟ್ಟಿ ಕೈ ತೊಳ್ಕೊಳ್ತಾರೆ, ಗಾಡಿ ನಿಲ್ಲಿಸೋನಿಗೂ ಬಿಸಿ ಮುಟ್ಬೇಕು" ಎಂದು ಸಭೆಯಲ್ಲಿ ನಾನು ಎದ್ದು ನಿಂತು ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ಊರಿನ ಈ ಕಡೆ ಮನೆಗಳು, ಆ ಕಡೆ ಮಾರುಕಟ್ಟೆ, ಆಸ್ಪತ್ರೆ, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿ. ನಡುವೆ ಹಳಿ. ಮುಂದಿನ ಯಾರ್ಡಿನಲ್ಲಿ ಜಾಗವಿಲ್ಲ ಎಂದರೆ ಗೂಡ್ಸ್ ಗಾಡಿಯ ಬಾಲ ನಮ್ಮ ಗೇಟಿನ ಮೇಲೆ. ಒಂದು ಗಂಟೆಯೂ ಆಯಿತು, ಎರಡು ಗಂಟೆಯೂ ಆಯಿತು. ಜನ ಕಾದು ಸಾಕಾಗಿ ಎರಡು ಬೋಗಿಗಳ ನಡುವೆ ಕೊಂಡಿ ಹತ್ತಿ ಆ ಕಡೆ ಇಳಿಯುತ್ತಾರೆ. ಚೀಲ ಮೊದಲು, ಆಮೇಲೆ ಮನುಷ್ಯ. ಅದನ್ನು ಹೊಸ ಕಾಯ್ದೆ ಅಪರಾಧ ಮಾಡಿದೆ. ಕಂಪನಿಯವರು ಪಟ್ಟು ಹಿಡಿದರು, ನಮ್ಮ ಗೇಟು ಸಮಿತಿ ಒಪ್ಪಿಕೊಂಡಿತು. ಸಮಿತಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು, ಕಾರ್ಯದರ್ಶಿ ನಾನು. 'ಬೋಗಿಗಳ ನಡುವೆ ದಾಟಬೇಡಿ' ಎಂಬ ಫಲಕಕ್ಕೆ ಬಣ್ಣ ಹಚ್ಚಿದ್ದೂ ನಾನೇ. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಸ್ವಲ್ಪ ಇಕ್ಕಟ್ಟಿನಲ್ಲಿ ಕೂತಿದೆ.

ಇವರು, ಅಂದರೆ ನಮ್ಮ ಯಜಮಾನರು, ಗೂಡ್ಸ್ ಗಾಡಿ ಓಡಿಸುವವರು. ಅದಕ್ಕೇ ಸಮಿತಿಯವರು ನನ್ನನ್ನು ರೇಗಿಸುವುದು: "ಬೀದೀಲಿ ಗಂಡನ ಮೇಲೆ ಚಳವಳಿ, ಮನೇಲಿ ಅವರಿಗೇ ಬಿಸಿ ಊಟ!" ನಾನೂ ನಗುತ್ತೇನೆ. ಚಳವಳಿ ಇವರ ಮೇಲಲ್ಲ. ಬೇರೆ ಬೇಜವಾಬ್ದಾರಿ ಚಾಲಕರಿದ್ದಾರಲ್ಲ, ಅವರ ಮೇಲೆ.

ಸುದ್ದಿ ಹೇಳಿದಾಗ ಇವರು "ಒಳ್ಳೇದಾಯ್ತು" ಎಂದು ಚಹಾ ಲೋಟ ತೊಳೆದಿಟ್ಟರು. ಒಳ್ಳೆಯದಾಯಿತು ಎಂದರೆ ಒಳ್ಳೆಯದಾಯಿತು ಎಂದೋ, ಅನುಭವಿಸಿ ಎಂದೋ, ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಾಗುವುದಿಲ್ಲ. ಗೋಡೆಯಾದರೂ ಒಮ್ಮೊಮ್ಮೆ ಬಿರುಕು ಬಿಟ್ಟು ಏನಾದರೂ ತೋರಿಸುತ್ತದೆ.

ಜೂನ್ 7, ಶುಕ್ರವಾರ

ನನಗೆ ಅರ್ಥವಾಗುತ್ತಿಲ್ಲ. ಕಾಯ್ದೆ ಬಂದ ಮೇಲೆ ಗಾಡಿಗಳು ನಿಲ್ಲುತ್ತಿಲ್ಲ, ಹೋಗುತ್ತಲೂ ಇಲ್ಲ. ಇವತ್ತು ಬೆಳಿಗ್ಗೆ ಬಂದ ಗಾಡಿ ಗೇಟಿನ ಮೇಲೆ ನಿಂತಿತು. ಕಾಲು ಗಂಟೆ ಆಗುವುದರೊಳಗೆ ಒಂದು ಸಲ 'ಢಣ್' ಎಂದು ಜಗ್ಗಿ ಒಂದು ಬೋಗಿಯಷ್ಟು ಮುಂದೆ ಹೋಯಿತು. ಮತ್ತೆ ನಿಂತಿತು. ಮತ್ತೆ ಜಗ್ಗಿತು. ಹೀಗೇ ಒಂದು ಗಂಟೆ! ಅಲ್ಲಾಡಿತಲ್ಲ, ಹಾಗಾಗಿ ನಿಂತ ಲೆಕ್ಕಕ್ಕೆ ಬರುವುದಿಲ್ಲವಂತೆ.

ದೂರು ಕೊಡೋಣವೆಂದು ಫೋನು ಹಿಡಿದು ನಿಂತೆ. ಯಾವುದರ ಫೋಟೊ ತೆಗೆಯುವುದು? ಫೋಟೊದಲ್ಲಿ ನಿಂತ ಗಾಡಿಯೂ ತೆವಳುವ ಗಾಡಿಯೂ ಒಂದೇ ಥರ ಕಾಣುತ್ತವೆ.

ಗೇಟಿನವನನ್ನು ಕೇಳಿದೆ. "ನೀವೇ ಕೇಳಿದ್ದಲ್ವಾ ಅಕ್ಕಾ, ನಿಲ್ಲಬಾರದು ಅಂತ? ನಿಲ್ತಾ ಇಲ್ಲ ನೋಡಿ" ಎಂದು ಹಲ್ಲು ಕಿರಿದ. ಮುಖಕ್ಕೆ ಬಾರಿಸುವಷ್ಟು ಸಿಟ್ಟು ಬಂತು.

ಮೊದಲೆಲ್ಲ ಒಂದು ಸಲ ನಿಂತಿತು ಎಂದರೆ ಮುಗಿಯಿತು, ಗಾಡಿ ಸತ್ತ ಹಾಗೆ ಬಿದ್ದಿರುತ್ತಿತ್ತು. ಹತ್ತಿ ಇಳಿಯುವವರಿಗೆ ಭಯವಿರಲಿಲ್ಲ. ಈಗ ಯಾವ ಗಳಿಗೆಯಲ್ಲಿ ಜಗ್ಗುತ್ತದೋ ಹೇಳುವ ಹಾಗಿಲ್ಲ. ಆದರೂ ಜನ ಹತ್ತುತ್ತಿದ್ದಾರೆ. ಅಭ್ಯಾಸ. ಇವರನ್ನು ಕೇಳಿದೆ, "ಯಾಕ್ರೀ ಹೀಗೆ ತೆವಳಿಸ್ತೀರಿ?" ಎಂದು. "ಹಾಗೇ ಮಾಡಿ ಅಂತ ಹೇಳಿದಾರೆ" ಎಂದರು. ಯಾರು ಹೇಳಿದರು ಎಂದರೆ "ಮೇಲಿನವರು". ಆಮೇಲೆ ಏನು ತೋಚಿತೋ, "ನೀನು ಹತ್ತಬೇಡ" ಎಂದರು. "ನಾನಾ! ಫಲಕ ಬರೆದವಳು ನಾನು" ಎಂದೆ.

ಜೂನ್ 12, ಬುಧವಾರ

ಬರೆಯಲೋ ಬೇಡವೋ. ನನ್ನದೇ ಪುಸ್ತಕ ತಾನೇ, ಬರೆಯುತ್ತೇನೆ.

ಇವತ್ತು ಬೋಗಿಗಳ ನಡುವೆ ದಾಟಿದೆ.

ಮಾಡುವುದೇನು? ಜಿನುಗು ಮಳೆ, ಅಂಗಡಿಯ ಬೀಗದ ಕೈ ನನ್ನ ಹತ್ತಿರ. ನಮ್ಮ ಮಾಲೀಕರಿಗೆ ನಾನಿಟ್ಟ ಹೆಸರು ಭೂತಗನ್ನಡಿ, ಏಕೆಂದರೆ ಸಾಸಿವೆಯಷ್ಟು ತಪ್ಪೂ ಅವರಿಗೆ ಕುಂಬಳಕಾಯಿಯಷ್ಟು ಕಾಣುತ್ತದೆ. ಅವರು ಅಂಗಡಿಯ ಮುಂದೆ ನೆನೆಯುತ್ತ ನಿಂತು ಮೂರು ಸಲ ಫೋನು ಮಾಡಿದರು. ಗಾಡಿ ಆಗಲೇ ಬಂದು ನಿಂತಿತ್ತು. ಆಚೀಚೆ ನೋಡಿದೆ, ಸಮಿತಿಯವರು ಯಾರೂ ಇರಲಿಲ್ಲ. ಮಳೆಕೋಟಿನ ಟೋಪಿ ಮುಖದ ಮೇಲೆ ಎಳೆದುಕೊಂಡು, ಹಳದಿ ಚೀಲ ಆ ಕಡೆ ಎಸೆದು, ಕೊಂಡಿಯ ಮೇಲೆ ಕಾಲಿಟ್ಟೆ. ನಾನೇ ಬರೆದ ಫಲಕ ಪಕ್ಕದಲ್ಲೇ ನನ್ನನ್ನು ನೋಡುತ್ತಿತ್ತು.

ಇಳಿಯುವಾಗ ಆಯಿತು ಫಜೀತಿ. ಮಳೆಕೋಟಿನ ಸೊಂಟದ ಪಟ್ಟಿ ಯಾವುದೋ ಕೊಕ್ಕೆಗೆ ಸಿಕ್ಕಿಹಾಕಿಕೊಂಡಿತು. ಎಳೆದರೆ ಬರುವುದಿಲ್ಲ. ಒಂದು ಕಾಲು ಮೇಲೆ, ಒಂದು ಕಾಲು ಗಾಳಿಯಲ್ಲಿ. ಒದ್ದೆ ಕೈಗೆ ಗಂಟು ಸಿಗದು. ಕೂಗಲು ನಾಚಿಕೆ, ಯಾರಾದರೂ ಗುರುತು ಹಿಡಿದರೆ? ಎಷ್ಟು ಹೊತ್ತು ಹಾಗೆ ನೇತಾಡಿದೆನೋ ದೇವರೇ ಬಲ್ಲ. ಕೊನೆಗೆ ಜೋರಾಗಿ ಎಳೆದಾಗ ಪಟ್ಟಿಯ ತುದಿ ಹರಿದು ಬಿಡಿಸಿಕೊಂಡಿತು, ನಾನು ಕೆಸರಿನಲ್ಲಿ ಕುಕ್ಕರುಬಡಿದೆ. ಪುಣ್ಯಕ್ಕೆ ಗಾಡಿ ಒಂದು ಸಲವೂ ಜಗ್ಗಲಿಲ್ಲ. ಬೇರೆ ಗಾಡಿಯಾಗಿದ್ದರೆ ಅಷ್ಟರಲ್ಲಿ ಎರಡು ಸಲ ಜಗ್ಗಿರುತ್ತಿತ್ತು. ಈ ಚಾಲಕ ನಿದ್ದೆ ಹೊಡೆಯುತ್ತಿರಬೇಕು ಎಂದುಕೊಂಡೆ.

ಹಾಗೆ ಅಂದುಕೊಂಡಾಗಲೇ ಹೊಳೆಯಿತು: ಈ ಗಾಡಿ ನಿಜವಾಗಿಯೂ ನಿಂತಿದೆ! ಕಾಲು ಗಂಟೆ ಯಾವಾಗಲೋ ದಾಟಿದೆ! ತೆವಳದ ಗಾಡಿ ಇಷ್ಟು ದಿನಕ್ಕೆ ಒಂದು ಸಿಕ್ಕಿತು. ಫೋನು ತೆಗೆದು ಬೋಗಿಯ ನಂಬರು ಕಾಣುವ ಹಾಗೆ ಫೋಟೊ ತೆಗೆದು, ನಿಂತಲ್ಲಿಂದಲೇ ದೂರು ಕಳಿಸಿದೆ. ಗೇಟು ದಾಟಿದ ಮೇಲೆ ಹಳಿ ಬಾಗಿಕೊಂಡು ಯಾರ್ಡಿನ ಕಡೆ ಹೋಗುತ್ತದಲ್ಲ, ಅಲ್ಲಿ ದೂರದಲ್ಲಿ ಇಂಜಿನ್ ಕಾಣುತ್ತಿತ್ತು. ಕಿಟಕಿಯಲ್ಲಿ ಏನೋ ಹೊರಗೆ ಚಾಚಿಕೊಂಡಿತ್ತು. ತಲೆಯೋ ಕನ್ನಡಿಯೋ, ಅಷ್ಟು ದೂರದ್ದು ನನಗೆ ಕಾಣುವುದಿಲ್ಲ. ನಾನು ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಗಾಡಿ ಹೊರಟಿತು.

ಅಂಗಡಿಯಲ್ಲಿ ಪಟ್ಟಿಯ ಹರಿದ ತುದಿ ಹೊಲಿದುಕೊಂಡೆ. ಯಾರಿಗೂ ಹೇಳಿಲ್ಲ. ಹೇಳಿದರೆ ಊರೇ ನಗುತ್ತದೆ. ಇವರದು ಇವತ್ತು ಬೇರೆ ಲೈನು, ಇನ್ನೂ ಬಂದಿಲ್ಲ.

ಜೂನ್ 13, ಗುರುವಾರ

ಇವರಿಗೆ ಮೈ ಸರಿಯಿಲ್ಲವೋ ಏನೋ. ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದವರು ಬೂಟು ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ತಿರುಗಿ ನೋಡಿದರೆ ನನ್ನನ್ನೇ ನೋಡುತ್ತಿದ್ದಾರೆ.

"ಏನ್ರೀ?"

"ಏನಿಲ್ಲ."

"ಏನಿಲ್ಲ ಅಂದ್ರೆ ಯಾಕೆ ಹಾಗೆ ನೋಡ್ತೀರಿ? ದೆವ್ವ ಕಂಡ ಹಾಗೆ?"

"ಮಂಡಿಗೆ ಏನಾಯ್ತು?"

ಕೆಸರಿನಲ್ಲಿ ಬಿದ್ದಾಗ ತರಚಿತ್ತು. ಅಂಗಡಿಯ ಮೆಟ್ಟಿಲಲ್ಲಿ ಜಾರಿದೆ ಎಂದೆ. "ಹೂಂ" ಎಂದರು. ಊಟ ಅರ್ಧಕ್ಕೆ ಬಿಟ್ಟರು. ಅತ್ತೆ, "ದೃಷ್ಟಿ ಆಗಿದೆ ನನ್ನ ಮಗನಿಗೆ" ಎಂದು ಶುರು ಮಾಡಿದರು. ದೃಷ್ಟಿ ಆಗಲು ಇವರ ಮುಖದಲ್ಲಿ ಏನಿದೆಯೋ!

ಜೂನ್ 20, ಗುರುವಾರ

ಆ ಕಾಗದವನ್ನು ಮೂರು ಸಲ ಓದಿದೆ.

ನನ್ನ ದೂರಿಗೆ ಉತ್ತರ ಬಂತು, ನಮ್ಮ ಮನೆಗೇ, ಇವರ ಹೆಸರಿಗೆ. ಆ ಗಾಡಿ ಇವರದು. ಕೊನೆ ಗಳಿಗೆಯಲ್ಲಿ ಇನ್ನೊಬ್ಬ ಚಾಲಕನಿಗೆ ಜ್ವರ ಬಂದು ಇವರನ್ನು ಈ ಲೈನಿಗೆ ಹಾಕಿದ್ದರಂತೆ. ಸಿಗ್ನಲ್ ಹಸಿರಾದ ಮೇಲೂ ಎಷ್ಟೋ ಹೊತ್ತು ಗಾಡಿ ಕದಲಿಸಿಲ್ಲ, ಹಿಂದೆ ಪ್ರಯಾಣಿಕರ ಗಾಡಿಯೊಂದು ಕಾಯಬೇಕಾಯಿತು. ಹೊಸ ಕಾಯ್ದೆಯ ಪ್ರಕಾರ ವಿಚಾರಣೆ ಜುಲೈ ಹತ್ತಕ್ಕೆ. ಅಲ್ಲಿಯವರೆಗೆ ಡ್ಯೂಟಿ ಇಲ್ಲ. ತಪ್ಪು ಸಾಬೀತಾದರೆ ಇನ್ನು ಮುಂದೆ ಇಂಜಿನ್ ಹತ್ತುವ ಹಾಗಿಲ್ಲ. ಮೀಸೆ ಬರುವ ಮೊದಲೇ ಇಂಜಿನ್ನಿನ ಕನಸು ಕಂಡ ಮನುಷ್ಯ ಇವರು. ಅದನ್ನು ಬಿಟ್ಟು ಬೇರೇನೂ ಬಾರದು, ಬೇಕಾಗಿಯೂ ಇಲ್ಲ.

ಇಡೀ ಜಿಲ್ಲೆಯಲ್ಲಿ ಇದೇ ಮೊದಲ ಕೇಸು. ನಾನು ಹೇಳಿ ಹಾಕಿಸಿದ ಕಲಮು, ನಾನು ಕಳಿಸಿದ ಫೋಟೊ, ನನ್ನ ಗಂಡ.

"ಸಿಗ್ನಲ್ ಬಂದ್ಮೇಲೂ ಯಾಕ್ರೀ ನಿಂತಿದ್ರಿ?" ಎಂದು ಕೇಳಿದೆ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇವರು ಆ ಕಾಗದದಲ್ಲಿದ್ದ ಫೋಟೊವನ್ನು ಸ್ವಲ್ಪ ಹೊತ್ತು ನೋಡಿ, "ಫೋಟೊ ಚೆನ್ನಾಗಿ ಬಂದಿದೆ. ನಂಬರ್ ಸ್ಪಷ್ಟ ಇದೆ" ಎಂದರು. ವ್ಯಂಗ್ಯವೇ? ಇವರಿಗೆ ವ್ಯಂಗ್ಯ ಬರುವುದಿಲ್ಲ. ಹಾಗಾದರೆ ಏನು?

ಜೂನ್ 24, ಸೋಮವಾರ

ಕಾರಣ ಸಿಕ್ಕಿತು ಎಂದುಕೊಂಡಿದ್ದೆ. ಈಗ ಮೊದಲಿಗಿಂತ ಗೊಂದಲವಾಗಿದೆ.

ಇವರ ಜೊತೆ ಕೆಲಸ ಮಾಡುವವರೊಬ್ಬರು ಬಂದು ಹೇಳಿಹೋದರು. ಆವತ್ತು ಕಂಟ್ರೋಲಿನವರು ವೈರ್‌ಲೆಸ್‌ನಲ್ಲಿ "ಯಾಕೆ ಹೊರಟಿಲ್ಲ?" ಎಂದು ಕೇಳಿದ್ದಕ್ಕೆ ಇವರು "ನೋಡ್ತಾ ಇದ್ದೀನಿ" ಎಂದರಂತೆ. ಮತ್ತೆ ಕೇಳಿದರೆ ಮತ್ತೆ "ನೋಡ್ತಾ ಇದ್ದೀನಿ, ಸ್ವಲ್ಪ ಇರಿ". ಎಲ್ಲ ರೆಕಾರ್ಡ್ ಆಗಿದೆ. ಸಿಗ್ನಲ್ ಕಣ್ಣೆದುರೇ ಹಸಿರಾಗಿರುವಾಗ ನೋಡುವುದೇನು? "ಅಣ್ಣನ ಕಣ್ಣು ಮಂಜಾಗಿರಬೇಕು ಅಂತ ಎಲ್ಲರೂ ಮಾತಾಡ್ತಿದ್ದಾರೆ ಅತ್ತಿಗೆ" ಎಂದರು ಆತ.

ನಾನು ದಿನವೂ ಊರವರ ಕಣ್ಣು ಪರೀಕ್ಷೆ ಮಾಡಿ, ಮನೆಯವರ ಕಣ್ಣು ನೋಡಿಲ್ಲವಲ್ಲ! ಸಂಜೆ ಭೂತಗನ್ನಡಿಯನ್ನು ಕಾಡಿ ಬೇಡಿ ಅಕ್ಷರದ ಪಟವನ್ನೂ ಪರೀಕ್ಷೆಯ ಫ್ರೇಮನ್ನೂ ಮನೆಗೆ ತಂದೆ. ಪಟವನ್ನು ಅಡುಗೆಮನೆಯ ಬಾಗಿಲಿಗೆ ತೂಗುಹಾಕಿ, ಇವರನ್ನು ಹಜಾರದ ಆ ತುದಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿದೆ. ಅತ್ತೆ ನಾಟಕ ನೋಡುವವರ ಹಾಗೆ ಕುರ್ಚಿ ಎಳೆದುಕೊಂಡು ಕೂತರು.

"ಮೊದಲನೇ ಅಕ್ಷರ ಓದಿ."

ಅಂಗೈಯಷ್ಟು ದೊಡ್ಡ ಅಕ್ಷರ. ಇವರು ತುಂಬ ಯೋಚಿಸಿ ತಪ್ಪು ಹೇಳಿದರು. ಎರಡನೆಯ ಸಾಲೂ ತಪ್ಪು. ಮಸೂರ ಬದಲಿಸಿದೆ. "ಈಗ?" "ಹಾಗೇ ಇದೆ." ಇನ್ನೊಂದು. "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?" "ಎರಡೂ ಒಂದೇ." ನನ್ನ ಎದೆ ಒಡೆಯಿತು. ಇಷ್ಟು ಮಂಜು ಕಣ್ಣಿಟ್ಟುಕೊಂಡು ಗಾಡಿ ಓಡಿಸುತ್ತಿದ್ದರೇ!

ಫ್ರೇಮು ತೆಗೆದಾಗ ಇವರು ಎದ್ದು ನಿಂತು ಮೈ ಮುರಿಯುತ್ತ, "ಆ ಪಟದ ಕೆಳಗಿನ ಮೂಲೇಲಿ ಇರುವೆ ಹತ್ತುತಾ ಇದೆ, ಒರೆಸು. ಅಂಗಡಿ ಸಾಮಾನು" ಎಂದರು.

ಹತ್ತಿರ ಹೋಗಿ ಬಗ್ಗಿ ನೋಡಿದೆ. ಇರುವೆ ಇತ್ತು. ಒಂದೇ ಒಂದು. ಅದೂ ಸಣ್ಣ ಜಾತಿಯದು.

ಹಾಗಾದರೆ ಕಣ್ಣು ಸರಿಯಿದೆ. ಸರಿಯಿರುವ ಕಣ್ಣನ್ನು ಸರಿಯಿಲ್ಲ ಎಂದು ನಂಬಿಸಲು ನೋಡುತ್ತಿದ್ದಾರೆ. ವಿಚಾರಣೆಯಲ್ಲೂ ಹೀಗೇ ಹೇಳುತ್ತಾರೋ ಏನೋ. ಹೇಳಿದರೆ ಇಂಜಿನ್ ಹೋದ ಹಾಗೇ. ಯಾರಾದರೂ ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುತ್ತಾರೆಯೇ? ನನ್ನ ತಲೆ ಕೆಟ್ಟುಹೋಗಿದೆ.

ಜೂನ್ 28, ಶುಕ್ರವಾರ

ಎರಡು ವಾರ ಬಿಡುವು ಕೊಟ್ಟು ಮತ್ತೆ ಮಳೆ. ಮಳೆಕೋಟು ತೆಗೆದರೆ ಪಟ್ಟಿಯೇ ಇಲ್ಲ! ಪಟ್ಟಿ ತೂರಿಸುವ ಕುಣಿಕೆಗಳನ್ನೂ ಯಾರೋ ನೀಟಾಗಿ ಕತ್ತರಿಸಿದ್ದಾರೆ. ಅತ್ತೆಯದೇ ಕೆಲಸ. ಗಿಡ ಕಟ್ಟಲು, ಡಬ್ಬಿ ಬಿಗಿಯಲು ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತಾರೆ. ಜಗಳವಾಡೋಣವೆಂದರೆ ಮೊನ್ನೆಯೇ ಮಗಳ ಮನೆಗೆ ಹೊರಟುಹೋಗಿದ್ದಾರೆ. ಬರಲಿ.

ಗೇಟಿನ ಹತ್ತಿರ ಗಾಡಿ ನಿಂತಿತ್ತು, ಜಗ್ಗುತ್ತಿತ್ತು. ಕಾದೆ. ಅಂಗಡಿಗೆ ತಡವಾಯಿತು, ಭೂತಗನ್ನಡಿ ಕೂಗಾಡಿದರು. ಫೋಟೊ ತೆಗೆಯಲಿಲ್ಲ. ಮರೆತೆನೋ ಏನೋ. ಗಾಡಿ ಹೊರಡುವಾಗ ಇಂಜಿನ್ನಿನ ಕಿಟಕಿಯ ಕಡೆ ನೋಡುವ ಒಂದು ಚಟ ಹತ್ತಿಕೊಂಡಿದೆ. ಯಾರು ಕೂತಿದ್ದಾನೆ, ಊಟ ಮಾಡಿದ್ದಾನೋ ಇಲ್ಲವೋ ಎಂದೆಲ್ಲ. ನನಗೇಕೆ ಬೇಕು?

ಜುಲೈ 3, ಬುಧವಾರ

ಸಮಿತಿಯ ಸಭೆ. ನಾನು ಒಳಗೆ ಕಾಲಿಟ್ಟೊಡನೆ ಮಾತು ನಿಂತಿತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ನೋಡಮ್ಮ, ನಿನ್ನ ಸಂಕಟ ನಮಗೆ ಅರ್ಥ ಆಗುತ್ತೆ. ಬೇಕಾದ್ರೆ ದೂರು ಹಿಂದಕ್ಕೆ ತಗೋ. ಫೋಟೊ ತಪ್ಪಾಗಿ ಬಂದಿದೆ ಅನ್ನು. ಯಾರೂ ಏನೂ ಅನ್ನಲ್ಲ" ಎಂದರು. ಹಿಂದಿನ ಸಾಲಿನಿಂದ ಔಷಧಿ ಅಂಗಡಿಯಾಕೆ, "ಬೇರೆಯವರ ಗಂಡಂದಿರು ಆಗಿದ್ರೆ ತಗೋತಿದ್ರಾ?" ಎಂದಳು. ಕೇಳಬೇಕಾದ ಮಾತೇ. ಅದಕ್ಕೇ ಚುಚ್ಚಿತು.

"ತಗೊಳ್ಳಲ್ಲ. ಗಾಡಿ ನಿಂತಿದ್ದು ನಿಜ" ಎಂದೆ. ಚಪ್ಪಾಳೆ ಬಿತ್ತು. ಈ ಸಲ ಆ ಸದ್ದು ಕಿವಿಗೆ ಹಿತವಾಗಲಿಲ್ಲ. ಚಪ್ಪಾಳೆಯ ನಡುವೆ ಆ ಕೊಂಡಿಯೂ ಕೊಕ್ಕೆಯೂ ಕಣ್ಣ ಮುಂದೆ ಬಂದವು, ಏಕೋ ಗೊತ್ತಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ. "ಸರಿಯಾಗಿ ಮಾಡಿದೆ" ಎಂದರು. ನಿಜವಾಗಿಯೂ ಹಾಗೇ ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ನಾನು ಸರಿಯಾಗಿ ಮಾಡಿದ್ದರೆ ಅಳುವುದೇಕೆ?

ಜುಲೈ 8, ಸೋಮವಾರ

ಅತ್ತೆ ಮಗಳ ಮನೆಯಿಂದ ಬಂದರು. ಚೀಲ ಕೆಳಗಿಡುವುದರೊಳಗೆ ನಾನು ಮಳೆಕೋಟು ಹಿಡಿದು ನಿಂತೆ.

"ಅತ್ತೆ, ಇದರ ಪಟ್ಟಿ ಯಾವ ಗಿಡಕ್ಕೆ ಕಟ್ಟಿದ್ದೀರಿ ಹೇಳ್ಬಿಡಿ."

"ನಾನ್ಯಾಕಮ್ಮ ನಿನ್ನ ಕೋಟು ಮುಟ್ಲಿ? ನಿನ್ನ ಗಂಡನ್ನ ಕೇಳು. ದೃಷ್ಟಿ ಆಗಿದೆ ಅಂದೆನಲ್ಲ, ಆವತ್ತು ಡ್ಯೂಟಿಯಿಂದ ಬಂದವನು, ನೀನು ಅಂಗಡಿಗೆ ಹೋದ್ಮೇಲೆ ಕತ್ತರಿ ಹಿಡ್ಕೊಂಡು ಕೂತಿದ್ದ. ಒಳ್ಳೆ ಕೋಟು, ಯಾಕೋ ಹಾಳು ಮಾಡ್ತೀಯ ಅಂದೆ. 'ಇದು ಸಿಕ್ಕಾಕೊಳ್ಳುತ್ತಮ್ಮ' ಅಂದ. ಕುಣಿಕೇನೂ ಬಿಡದೆ ಕತ್ತರಿಸಿದ. ಜ್ವರ ಬಂದಿತ್ತೋ ಏನೋ."

ನಾನು ಅಲ್ಲೇ ಕೂತೆ.

ಪಟ್ಟಿ ಸಿಕ್ಕಿಹಾಕಿಕೊಂಡದ್ದು ನಾನು ಯಾರಿಗೂ ಹೇಳಿಲ್ಲ. ಹರಿದ ತುದಿಯನ್ನು ಅಂಗಡಿಯಲ್ಲೇ ಹೊಲಿದು ಮನೆಗೆ ತಂದಿದ್ದೆ. ಅದು ಗೊತ್ತಿರುವುದು ನನಗೆ ಮತ್ತು ಆ ಕೊಕ್ಕೆಗೆ. ಇನ್ನು ಯಾರಾದರೂ ನೋಡಿದ್ದರೆ ಅವರಿಗೆ.

ನೋಡ್ತಾ ಇದ್ದೀನಿ. ಸ್ವಲ್ಪ ಇರಿ.

ಜುಲೈ 9, ಮಂಗಳವಾರ

ಕೇಳಲು ಆಗಲಿಲ್ಲ. ಊಟಕ್ಕೆ ಕೂತಾಗ ಬಾಯಿ ತೆರೆದೆ. "ಉಪ್ಪು ಬೇಕಾ?" ಎಂದೆ. "ಸರಿ ಇದೆ" ಎಂದರು.

ಆಮೇಲೆ ಇವರಾಗಿ ಒಂದು ಮಾತು ಆಡಿದರು: "ನಾಳೆ ನೀನು ಫೋಟೊ ನಂದೇ ಅಂತ ಮಾತ್ರ ಹೇಳು. ಬೇರೆ ಏನೂ ಹೇಳ್ಬೇಡ. ನನ್ನ ಕಣ್ಣು ಸರಿ ಇಲ್ಲ ಅಂತ ನಾನು ಹೇಳ್ತೀನಿ. ಶೆಡ್ಡಿನಲ್ಲೂ ಕೆಲಸ ಇರುತ್ತೆ."

ನಾನು ದಾಟಿದ್ದು ಹೊರಗೆ ಬಂದರೆ ಸಮಿತಿಯಲ್ಲಿ, ಊರಿನಲ್ಲಿ, ನನ್ನ ಮುಖ ಹೋಗುತ್ತದೆಂದು ಇವರು ಇಂಜಿನ್ ಬಿಡಲು ಹೊರಟಿದ್ದಾರೆ. ಇದು ಪ್ರೀತಿಯೋ ಹುಚ್ಚೋ. ನನಗೆ ಹೇಳದೆ ಇರುವುದು ಇನ್ನೂ ದೊಡ್ಡ ಹುಚ್ಚು.

ಜುಲೈ 10, ಬುಧವಾರ

ಉದ್ದದ ಕೋಣೆ, ಮೂರು ಫ್ಯಾನು, ಒಂದು ಮಾತ್ರ ತಿರುಗುತ್ತಿತ್ತು. ಒಂದು ಕಡೆ ದೂರುದಾರರ ಬೆಂಚು, ಅಲ್ಲಿ ನಾನು, ಮೇಷ್ಟ್ರು, ಸಮಿತಿಯ ಏಳೆಂಟು ಜನ. ಎದುರು ಬೆಂಚಿನಲ್ಲಿ ಇವರೊಬ್ಬರೇ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಇಸ್ತ್ರಿ ಮಾಡಿದ್ದು ನಾನು.

ವಿಚಾರಣೆಯ ಅಧಿಕಾರಿ ಹೆಂಗಸು, ನನ್ನ ವಯಸ್ಸಿನವರೇ. ರೆಕಾರ್ಡ್ ಹಾಕಿದರು. ಆ ಸಣ್ಣ ಪೆಟ್ಟಿಗೆಯಿಂದ ಇವರ ದನಿ ಬಂತು. "ನೋಡ್ತಾ ಇದ್ದೀನಿ. ಸ್ವಲ್ಪ ಇರಿ." ಎರಡನೆಯ ಸಲ ಅದೇ ಮಾತು, ಆದರೆ ದನಿ ಬೇರೆ. ನಾನು ಆ ದನಿಯನ್ನು ಹಿಂದೆ ಒಂದೇ ಸಲ ಕೇಳಿದ್ದೆ, ಮಾವನವರು ಹೋದ ದಿನ.

"ಏನು ನೋಡ್ತಾ ಇದ್ರಿ?" ಎಂದು ಅಧಿಕಾರಿ ಕೇಳಿದರು.

"ಸಿಗ್ನಲ್, ಮೇಡಂ. ಕಾಣಿಸ್ಲಿಲ್ಲ. ಕಣ್ಣು ಮಂಜಾಗಿದೆ."

"ಹಾಗಾದ್ರೆ ಲೈನಿನ ಮೇಲೆ ಇನ್ಮುಂದೆ..."

ನಾನು ಎದ್ದು ನಿಂತೆ. ಇವರು "ಕೂತ್ಕೋ" ಎಂದರು, ಎಲ್ಲರೆದುರು, ಗಟ್ಟಿಯಾಗಿ. ನನ್ನನ್ನು ಇವರು ಗದರಿದ್ದು ಅದೇ ಮೊದಲು.

"ಕೂರಲ್ಲ" ಎಂದೆ. "ಮೇಡಂ, ನಾನು ಕಣ್ಣು ಪರೀಕ್ಷೆ ಮಾಡೋಳು. ಇವರ ಕಣ್ಣು ಚೆನ್ನಾಗಿದೆ. ಇರುವೆ ಕಾಣುತ್ತೆ ಇವರಿಗೆ."

"ಇರುವೆ?"

"ಹೌದು, ಇರುವೆ. ಆವತ್ತು ಇವರು ಸಿಗ್ನಲ್ ನೋಡ್ತಾ ಇರ್ಲಿಲ್ಲ. ನನ್ನನ್ನ ನೋಡ್ತಾ ಇದ್ರು. ನಾನು ಬೋಗಿಗಳ ನಡುವೆ ಸಿಕ್ಕಾಕೊಂಡಿದ್ದೆ. ಇವರು ಗಾಡಿ ಬಿಟ್ಟಿದ್ರೆ ನಾನು ಇವತ್ತು ಇಲ್ಲಿ ನಿಂತು ದೂರು ಹೇಳ್ತಾ ಇರ್ಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು. ಔಷಧಿ ಅಂಗಡಿಯಾಕೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಧಿಕಾರಿ ಕಾಗದವನ್ನು ಹಿಂದೆ ಮುಂದೆ ತಿರುವಿದರು.

"ಅಮ್ಮ, ಈ ದೂರು ನೀವೇ ಕೊಟ್ಟಿದ್ದು?"

"ಹೌದು. ಇಳಿದ ಮೇಲೆ ಕೊಟ್ಟೆ."

"ದಾಟೋದು ಅಪರಾಧ ಅಂತ ಗೊತ್ತಿತ್ತಾ?"

"ಫಲಕ ಬರೆದಿದ್ದೇ ನಾನು."

"ಈಗ ನೀವು ಯಾರ ಕಡೆ ಮಾತಾಡ್ತಾ ಇದ್ದೀರಿ, ದೂರಿನ ಕಡೆಯೋ, ಚಾಲಕರ ಕಡೆಯೋ?"

"ನನಗೂ ಗೊತ್ತಾಗ್ತಿಲ್ಲ ಮೇಡಂ. ಗಾಡಿ ನಿಲ್ಲಬಾರದು ಅಂತ ಕೇಳಿದ್ದು ನಾನು. ನಿಂತಿದ್ದಕ್ಕೇ ಬದುಕಿದ್ದೂ ನಾನು. ಈಗ ಗಾಡಿಗಳು ಕಾಯ್ದೆಗೆ ಹೆದರಿ ಜಗ್ತಾ ಇವೆ, ಜನ ಹತ್ತೋದು ಬಿಟ್ಟಿಲ್ಲ. ಇಷ್ಟು ಮಾತ್ರ ಗೊತ್ತು."

ಅಧಿಕಾರಿ ಇವರ ಕಡೆ ತಿರುಗಿದರು. "ಇದನ್ನ ನೀವೇ ಯಾಕೆ ಹೇಳ್ಲಿಲ್ಲ?"

ಇವರು ತಲೆ ತಗ್ಗಿಸಿ, "ಅವಳು ಯಾರಿಗೂ ಹೇಳಿರ್ಲಿಲ್ಲ ಮೇಡಂ. ನನಗೂ ಹೇಳಿರ್ಲಿಲ್ಲ. ನಾನು ಹೇಗೆ ಹೇಳ್ಲಿ?" ಎಂದರು.

ತೀರ್ಪು ಆಮೇಲೆ ತಿಳಿಸುತ್ತಾರಂತೆ. ಹೊರಗೆ ಬಂದು ಇಬ್ಬರೂ ಮನೆಯ ಕಡೆ ನಡೆದೆವು. ಗೇಟಿನಲ್ಲಿ ಗಾಡಿ ನಿಂತಿತ್ತು. ಕಾಯುತ್ತ ನಿಂತೆವು. ಯಾರೋ ಕೊಂಡಿ ಹತ್ತಲು ಹೋದರು. ಇವರು "ಏಯ್, ಇಳೀರೀ!" ಎಂದು ಕೂಗಿದ ರಭಸಕ್ಕೆ ಆತ ಹಾರಿ ಬಿದ್ದು ಹಿಂದೆ ಬಂದ. ಮರುಗಳಿಗೆಯೇ ಗಾಡಿ 'ಢಣ್' ಎಂದು ಜಗ್ಗಿತು.

ಆಗ ಇವರು ನನ್ನ ಮುಖ ನೋಡದೆ, ಗಾಡಿಯ ಕಡೆಗೇ ನೋಡುತ್ತ ಹೇಳಿದರು:

"ಹಳದಿ ಚೀಲ ಬಿದ್ದಿದ್ದು ಕಂಡಿತು. ನಮ್ಮನೇದೇ ಅಂತ ಗೊತ್ತಾಯ್ತು. ಚೀಲ ಬಿತ್ತು, ನೀನು ಬರ್ಲಿಲ್ಲ. ಪಟ್ಟಿ ಸಿಕ್ಕಾಕೊಂಡಿದ್ದು ಕಂಡಿತು. ಸಿಗ್ನಲ್ ಬಂತು, ನೀನು ಬರ್ಲಿಲ್ಲ. ಹಾರ್ನ್ ಹಾಕಿದ್ರೆ ಬೆದರಿ ಬೀಳ್ತೀಯೇನೋ ಅಂತ ಹಾಕ್ಲಿಲ್ಲ. ಆಮೇಲೆ ನೀನು ಇಳಿದೆ. ನಿಂತ್ಕೊಂಡು ಫೋಟೊ ತೆಗೆದೆ. ತೆಗೀಲಿ ಅಂದ್ಕೊಂಡೆ. ಕಾಲ ಮೇಲೆ ನಿಂತಿದ್ದಾಳಲ್ಲ, ಎಷ್ಟು ಬೇಕಾದ್ರೂ ತೆಗೀಲಿ."

ಇಷ್ಟುದ್ದ ಇವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಗಾಡಿ ಪ್ರತಿ ಸಲ ಜಗ್ಗಿದಾಗಲೂ ಇವರ ತೋಳು ಹಿಡಿದುಕೊಳ್ಳುತ್ತಿದ್ದೆ.

ಜುಲೈ 28, ಭಾನುವಾರ

ಬರೆಯದೆ ಬಹಳ ದಿನವಾಯಿತು.

ಗಾಡಿ ತೆವಳಿಸುವುದರ ಬಗ್ಗೆ ಬೇರೆ ವಿಚಾರಣೆ ಮಾಡುತ್ತಾರಂತೆ. ಕಾಯ್ದೆಯಲ್ಲಿ ತೆವಳುವುದಕ್ಕೆ ಹೆಸರೇ ಇಲ್ಲವೆಂದು ಈಗ ಗೊತ್ತಾಗಿದೆ. ಬೋಗಿಗಳ ನಡುವೆ ದಾಟಿದ್ದಕ್ಕೆ ನನಗೆ ದಂಡ ಬಿತ್ತು, ಕಟ್ಟಿದೆ. ಸಮಿತಿಯಲ್ಲಿ ಕಾರ್ಯದರ್ಶಿ ಈಗ ಔಷಧಿ ಅಂಗಡಿಯಾಕೆ. ಮೇಷ್ಟ್ರು ಮಾತ್ರ ಕಂಡಾಗ ನಿಂತು ಮಾತಾಡಿಸುತ್ತಾರೆ. ಉಳಿದವರು ನನ್ನ ಫಲಕದ ಮುಂದೆ ನಿಂತು ನಗುತ್ತಾರೆ. ನಗಲಿ, ನಕ್ಕಾದರೂ ಓದುತ್ತಾರಲ್ಲ.

ಇವರ ಮೇಲಿನ ಕೇಸು ಕೈಬಿಟ್ಟರು. ಆದರೆ ವಿಚಾರಣೆಯಲ್ಲಿ ತಾವೇ ಕಣ್ಣು ಮಂಜು ಎಂದುಬಿಟ್ಟರಲ್ಲ, ಆ ತಪ್ಪಿಗೆ ನಾಳೆ ಕಂಪನಿಯ ಡಾಕ್ಟರ ಮುಂದೆ ಕಣ್ಣು ತೋರಿಸಬೇಕು. ಪಾಸಾದರೆ ಬುಧವಾರದಿಂದ ಡ್ಯೂಟಿ.

ಅಕ್ಷರದ ಪಟವನ್ನು ಇನ್ನೂ ಅಂಗಡಿಗೆ ವಾಪಸು ಕೊಟ್ಟಿಲ್ಲ, ಭೂತಗನ್ನಡಿ ದಿನವೂ ಕೇಳುತ್ತಾರೆ. ಇವತ್ತು ಊಟವಾದ ಮೇಲೆ ಇವರಾಗಿಯೇ ಸ್ಟೂಲು ಹಜಾರದ ತುದಿಗೆ ಎಳೆದುಕೊಂಡು ಕೂತರು.

"ಓದ್ಲಾ?"

"ಓದಿ. ಈ ಸಲ ನಾಟಕ ಆಡಿದ್ರೆ ನೋಡಿ ಮತ್ತೆ."

ಮೇಲಿನಿಂದ ಶುರು ಮಾಡಿದರು. ದೊಡ್ಡ ಅಕ್ಷರ, ಅದಕ್ಕಿಂತ ಸಣ್ಣದು, ಅದಕ್ಕಿಂತ ಸಣ್ಣದು. ನಾನೇ ಹತ್ತಿರ ಹೋಗದೆ ಓದಲಾಗದ ಕೊನೆಯ ಸಾಲನ್ನೂ ಒಂದೊಂದಾಗಿ, ನಿಧಾನವಾಗಿ, ತಪ್ಪಿಲ್ಲದೆ ಓದಿದರು. ಓದಿ ಮುಗಿಸಿ, ಪಟದ ಪಕ್ಕದಲ್ಲಿ ನಿಂತಿದ್ದ ನನ್ನನ್ನು ಇನ್ನೊಂದಿಷ್ಟು ಹೊತ್ತು ನೋಡುತ್ತಿದ್ದರು.

"ಏನ್ರೀ, ಮತ್ತೆ ಇರುವೆಯಾ?"

"ಇಲ್ಲ. ಇವತ್ತು ಇರುವೆ ಇಲ್ಲ" ಎಂದರು.